ನೂರು ಕಳೆದು ನಾಲ್ಕು ಕೂಡಿಸು

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 6.10

ಎದೆ 44. ತೋಳು 16. ಸೊಂಟ 30. ತೂಕ 77.2. ಆಕಾಶ ನಿರ್ಮಲ. ಗಾಳಿ ಇಲ್ಲ.

ಮೂವತ್ನಾಲ್ಕು ವರ್ಷ ಟಿ.ಬಿ. ಡ್ಯಾಂ ಕಾಲುವೆ ಆಫೀಸಿನಲ್ಲಿ ನೀರಿನ ಮಟ್ಟ ಬರೆದ ಕೈ. ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೆ? ಡ್ಯಾಂ ಈಗ ನನ್ನ ಸುಪರ್ದಿನಲ್ಲಿಲ್ಲ. ಅಣ್ಣನ ಮಗ ಭಾರ್ಗವ ಇದ್ದಾನೆ. ಪ್ರತಿ ಸೋಮವಾರ ಟೇಪು ಹಿಡಿದು ಅವನ ಮಟ್ಟ ಬರೆಯುತ್ತೇನೆ.

ಇಂದು ಅವನ ಮುಂಗೈ ನೋಡಿ ದಂಗಾದೆ. ಎಡದಂಡೆ, ಬಲದಂಡೆ, ಮೇಲ್ಮಟ್ಟದ ಕಾಲುವೆ — ಮೂರೂ ಒಂದೇ ಕೈಯಲ್ಲಿ, ಚರ್ಮದಡಿ ಹಸಿರು ನರಗಳಾಗಿ, ಕೊನೆಯ ತೂಬಿನ ತನಕ. ನಮ್ಮ ವಂಶದಲ್ಲಿ ಈವರೆಗೆ ಎದ್ದು ಕಂಡದ್ದೆಂದರೆ ಪಕ್ಕೆಲುಬು ಮಾತ್ರ.

ದೇಹದಾರ್ಢ್ಯ ಸ್ಪರ್ಧೆ ನವೆಂಬರ್ 16, ಇಲ್ಲೇ ಹೊಸಪೇಟೆಯಲ್ಲಿ. ವಿಭಾಗ ‘ಕ್ಲಾಸಿಕ್ ಫಿಸೀಕ್’. ಗಾತ್ರ ಮಿತಿಯಲ್ಲಿರಲಿ, ಅಂದ ಇರಲಿ ಎಂದೇ ಹುಟ್ಟಿಸಿದ ವಿಭಾಗವಂತೆ. ಆದ್ದರಿಂದ ತೂಕಕ್ಕೆ ಒಂದು ಗೆರೆ: ಎತ್ತರದ ಸೆಂಟಿಮೀಟರಿನಿಂದ ನೂರು ಕಳೆದು ನಾಲ್ಕು ಕೂಡಿಸು. ಭಾರ್ಗವ 170. ಅಂದರೆ 74 ಕಿಲೋ. ಒಂದು ಗ್ರಾಂ ಹೆಚ್ಚಾದರೂ ಮನೆಗೆ. ಹುಡುಗನಿಗೆ ಇದೇನು ಹೊಸದಲ್ಲ. ಸಂಡೂರಿನ ಗಣಿಯೊಂದರ ವೇ ಬ್ರಿಡ್ಜಿನಲ್ಲಿ ಅವನ ನೌಕರಿಯೇ ಇದು: ಮಿತಿ ಮೀರಿದ ಅದಿರು ಲಾರಿಯನ್ನು ಹಿಂದಕ್ಕೆ ಕಳಿಸುವುದು.

ಅಕ್ಟೋಬರ್ 9, ಗುರುವಾರ

ಜಿಮ್ಮಿನ ಪಕ್ಕೀರಪ್ಪ ಮನೆಗೆ ಬಂದಿದ್ದ. ಭಾರ್ಗವನ ಕೋಚು. ಅವನು ಬಾಗಿಲಲ್ಲಿ ನಿಂತರೆ ಹಗಲು ಕರೆಂಟು ಹೋದ ಹಾಗೆ. ಅಮ್ಮ (ಎಂಬತ್ತೆರಡು ವರ್ಷ, ಮೂವತ್ತೆಂಟು ಕಿಲೋ) ಅವನನ್ನು ಕುಂದ್ರಿಸಿ ವಿಚಾರಣೆ ಮಾಡಿದಳು. ನಾನು ಮೂಕ ಸಾಕ್ಷಿ.

“ಅಮ್ಮಾರ, ಹುಡುಗಗ ದಿನಾ ಎರಡು ಬಟ್ಟಲ ಬ್ಯಾಳಿ ಹಾಕ್ರಿ.”

“ಈ ತಿಂಗಳು ದ್ವಿದಳ ವ್ರತ. ಎರಡು ಹೋಳಾಗೂದು ಯಾವುದೂ ನಡಿಯಂಗಿಲ್ಲ.”

“ಸೋಯಾ?”

“ಹೋಳಾಗತದೇನು?”

“ಆಗತೈತ್ರಿ.”

“ಇಲ್ಲ.”

“ಹೋಗ್ಲಿ, ಹಾಲಿನ ಪುಡಿ ಕೊಡ್ತೀನಿ.”

“ಈಗ ಕೊಡಪ್ಪ. ಹೋದ ತಿಂಗಳಾಗಿದ್ರ ಅದೂ ಇಲ್ಲ, ಹಾಲಿನ ವ್ರತ ಇತ್ತು. ಅದರ ಹಿಂದ ಮೊಸರಿಂದು.”

ಪಕ್ಕೀರಪ್ಪ ನನ್ನ ಕಡೆ ತಿರುಗಿದ. “ಸಾರ್, ನಿಮ್ಮನಿ ದೇವ್ರಿಗೆ ಪ್ರೋಟೀನ್ ಮ್ಯಾಲೆ ಯಾಕ್ರೀ ಇಷ್ಟು ಸಿಟ್ಟು?”

ಹೋಗುವಾಗ ದೇಹದಾರ್ಢ್ಯ ಸಂಘದಿಂದ ಬಂದ ಇಂಗ್ಲಿಷ್ ಸುತ್ತೋಲೆಯನ್ನು ನನ್ನ ಫೋನಿಗೆ ಕಳಿಸಿದ. “ಆಫೀಸಿನ್ಯಾಗ ಇದ್ದೋರು ನೀವು. ರೂಲ್ಸ್ ನೀವ ನೋಡ್ಕೋರಿ. ನಂಗ ಕಬ್ಬಿಣ ಬಿಟ್ರ ಏನೂ ಓದಾಕ ಬರಂಗಿಲ್ಲ.” ಎಂಥ ಗೌರವ! ಸ್ಟೇಷನ್ ರೋಡಿನಲ್ಲಿ ಪ್ರಿಂಟ್ ಹಾಕಿಸಿದೆ. ಎರಡು ಹಾಳೆ. ‘ಕಳೆದ ವರ್ಷದ ನಿಯಮಗಳೇ ಮುಂದುವರಿಯುತ್ತವೆ’ ಎಂದು ಮೊದಲ ಸಾಲಿನಲ್ಲೇ ಇದೆ. ತೂತು ಹೊಡೆದು, ದಾರ ಹಾಕಿ, ‘ನೋಡಿದೆ’ ಎಂದು ಬರೆದು ಸಹಿ ಮಾಡಿ ಫೈಲಿಗೆ ಸೇರಿಸಿದೆ. ಎಷ್ಟೋ ದಿನಗಳ ಮೇಲೆ ಕೈಗೆ ಸಮಾಧಾನ.

ಅಕ್ಟೋಬರ್ 12, ಭಾನುವಾರ. ಹಂಪಿಯಿಂದ ಬಂದು

ಫೋಟೋ ತೆಗೆಯಲು ಹೇಮಕೂಟಕ್ಕೆ ಹೋಗಿದ್ದೆವು. ಬಂಡೆಯ ಮೇಲೆ ಅಂಗಿ ಬಿಚ್ಚಿ ಭಾರ್ಗವ ಬೆನ್ನು ಹರಡಿದ. ಕಾವಲುಗಾರ ಓಡಿ ಬಂದ. “ಅಂಗಿ ಹಾಕ್ಕೋರಿ! ಹಿಂಗ ನಿಂತ್ರ ಮಂದಿ ಗುಡಿ ಬಿಟ್ಟು ನಿಮ್ನ ನೋಡ್ತಾರ.” ಅವನೂ ಎರಡು ನಿಮಿಷ ನೋಡಿಯೇ ಇದನ್ನು ಹೇಳಿದ್ದು.

ನಾನು 1986ರಲ್ಲಿ ಕಾಲೇಜಿನ ‘ಬೆಸ್ಟ್ ಫಿಸೀಕ್’ನಲ್ಲಿ ಮೂರನೆಯವ. ಇದ್ದದ್ದು ಮೂವರು. ಅಂದು ಗೆದ್ದವನ ಎದೆ ಮೂವತ್ತೆಂಟು. ಊರೆಲ್ಲ ಭೀಮ ಎನ್ನುತ್ತಿತ್ತು. ಅವನ ಫೋಟೋ ಇಂದು ಪಕ್ಕೀರಪ್ಪನ ಜಿಮ್ಮಿನ ಗೋಡೆಗೆ ಹಾಕಿದರೆ ‘ಸೇರುವ ಮುನ್ನ’ ಎಂಬ ಕಡೆ ಹಾಕಬೇಕು. ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. ಐದು ವರ್ಷದ ಕೆಳಗೆ ಇದೇ ವಿಭಾಗದಲ್ಲಿ ಮೊದಲು ಬಂದ ಹುಡುಗ ಅದೇ ಮೈಯಲ್ಲಿ ಹೋದ ವರ್ಷ ನಿಂತು ಏಳನೆಯವನಾದ. ಭಾರ್ಗವ ಐದನೆಯವ. ಗಾತ್ರ ಬೇಡ ಎಂದು ಹುಟ್ಟಿದ ವಿಭಾಗಕ್ಕೂ ಗಾತ್ರ ಹತ್ತಿದೆ. ಆಶ್ಚರ್ಯವೇನು? ಎಂಟಡಿ ಗಣಪನನ್ನು ಸಾಸಿವೆಕಾಳು, ಹದಿನೈದಡಿಯವನನ್ನು ಕಡಲೆಕಾಳು ಎಂದು ಕರೆದ ಸೀಮೆ ಇದು. ನಮ್ಮಲ್ಲಿ ಸಾಸಿವೆಗೆ ಎಂದೂ ಮಿತಿ ಇರಲಿಲ್ಲ.

ಇದನ್ನು ಹೇಳಿದೆ. ಭಾರ್ಗವ ನಗಲಿಲ್ಲ.

“ಕಾಕಾ, ಈ ಸಲ ಮೂರರೊಳಗ ಬರ್ಲಿಲ್ಲಂದ್ರ ಸೂಜಿ ತಗೋತೀನಿ.”

“ಯಾವ ಸೂಜಿ?”

“ಮೈ ಬೆಳೀಲಿಕ್ಕೆ ಎಲ್ಲಾರೂ ತಗೊಳ್ಳೂದು. ಪಕ್ಕೀರಣ್ಣನ ಹತ್ರ ಡಬ್ಬಿ ಅದ. ಬ್ಯಾಡ ಬ್ಯಾಡಂತ ನಾನs ಆರು ವರ್ಷ ತಳ್ಳೀನಿ. ಇನ್ನ ಎಷ್ಟು ಅಂತ ತಳ್ಳಲಿ? ಅಜ್ಜಿಗೆ ಹೇಳಬ್ಯಾಡ.”

ಹೋದ ವರ್ಷ ಎಮ್ಮಿಗನೂರಿನ ಒಬ್ಬ ಹುಡುಗನನ್ನು ಇಂಥದಕ್ಕೇ ಆಸ್ಪತ್ರೆಗೆ ಹಾಕಿದ್ದರು. ಮೂತ್ರಪಿಂಡ. ನಾನೇ ನೋಡಿ ಬಂದಿದ್ದೆ. ಅಷ್ಟು ದೊಡ್ಡ ಮೈ, ಮಂಚದ ಮೇಲೆ, ಅಷ್ಟು ಸಣ್ಣ ದನಿ.



ಅಕ್ಟೋಬರ್ 17, ಶುಕ್ರವಾರ. ಏಕಾದಶಿ

ಅಮ್ಮನದು ನಿರ್ಜಲ. ತೊಟ್ಟು ನೀರೂ ಇಲ್ಲ. ಅರವತ್ತು ವರ್ಷ, ವರ್ಷಕ್ಕೆ ಇಪ್ಪತ್ತನಾಲ್ಕು. ನನ್ನದು ಕಾಫಿ ಏಕಾದಶಿ; ಯಾವ ಮಠದ ಪಂಚಾಂಗದಲ್ಲೂ ಇಲ್ಲ.

ಮಧ್ಯಾಹ್ನ ಭಾರ್ಗವ ಅವಳ ಮುಂದೆ ಕೂತು ಶಿಷ್ಯನಂತೆ ಕೇಳಿದ. “ಅಜ್ಜಿ, ಸ್ಪರ್ಧೆ ಹಿಂದಿನ ದಿನ ನಾವೂ ನೀರು ಬಿಡ್ತೀವಿ. ಚರ್ಮ ಅಂಟಿ ಒಳಗಿಂದೆಲ್ಲಾ ಕಾಣಬೇಕು. ನನಗ ಮಧ್ಯಾಹ್ನಕ್ಕ ತಲಿ ತಿರಗ್ತದ. ನೀ ಹೆಂಗ ಮಾಡ್ತಿ?”

“ದಶಮಿ ದಿನ ಒಂದs ಊಟ. ಉಪ್ಪು ಮುಟ್ಟಬ್ಯಾಡ. ಉಪ್ಪು ತಿಂದಾವ ನೀರು ಬೇಡ್ತಾನ. ಬಿಸಲಾಗ ಹೋಗಬ್ಯಾಡ. ಭಾಳ ಮಾತಾಡಬ್ಯಾಡ, ನಿಮ್ಮ ಕಾಕಾನಂಗ. ಮತ್ತ ಒಂದs ದಿನ. ಎರಡನೇ ದಿನ ದೇವ್ರೂ ಕೇಳಂಗಿಲ್ಲ.”

ಇದನ್ನೆಲ್ಲ ಪಕ್ಕೀರಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವನು: “ಸಾರ್, ಇದನ್ನ ಕಲಿಯಾಕ ನಾ ಪುಣೆಗೆ ಹೋಗಿದ್ನೆಲ್ರೀ!”

ಪಂಚಾಂಗ ತೆಗೆದು ನೋಡಿದೆ. ತೂಕ ನೋಡುವ ದಿನ, ನವೆಂಬರ್ 15, ಏಕಾದಶಿ. ಸ್ಪರ್ಧೆ ದ್ವಾದಶಿ.

“ಹಂಗಾದ್ರ ಜೋಡಿ ಕೂಡೂಣು,” ಎಂದಳು ಅಮ್ಮ. ಕೈಮೇಲೆ ಕೈ ಹಾಕಿ ಮಾತಾಯಿತು.

ಅಕ್ಟೋಬರ್ 21

ದೀಪಾವಳಿ. ಕಡಲೆ ಹಿಟ್ಟು ವ್ರತಕ್ಕೆ ಬಾರದು, ಆದ್ದರಿಂದ ರವೆ ಉಂಡಿ. ಭಾರ್ಗವ: ಸೊನ್ನೆ. ನಾನು: ಒಂಬತ್ತು.

ನವೆಂಬರ್ 3, ಸೋಮವಾರ. 6.10

ತೂಕ 75.6. ಸೊಂಟ 29. ವ್ರತ ಮುಗಿಯಿತು. ನಿನ್ನೆ ತೊವ್ವೆ ಬಡಿಸಿದಾಗ ಹುಡುಗನ ಕಣ್ಣಲ್ಲಿ ನೀರು. ಭಕ್ತಿಯೆಂದು ಅಮ್ಮ ತಿಳಿದಿದ್ದಾಳೆ. ಇರಲಿ.

ನವೆಂಬರ್ 14, ಶುಕ್ರವಾರ. ದಶಮಿ

ಇಬ್ಬರಿಗೂ ಉಪ್ಪಿಲ್ಲದ ಒಂದೇ ಊಟ. ಎದುರುಬದುರು ಎರಡು ಎಲೆ. 38 ಕಿಲೋ, 74.8 ಕಿಲೋ. ಇಬ್ಬರೂ ಒಂದೇ ಶ್ರದ್ಧೆಯಿಂದ ಅಗಿಯುತ್ತಿದ್ದರು. ನಡುವೆ ನಾನು ಉಪ್ಪಿನಕಾಯಿ ಸಮೇತ — ಅಪರಾಧಿಯಂತೆ.

ನವೆಂಬರ್ 15, ಶನಿವಾರ. ಏಕಾದಶಿ. ಮಧ್ಯಾಹ್ನ 2

ಹನ್ನೊಂದಕ್ಕೆ ತೂಕ. ಭಾರ್ಗವ 73.9. ಗೆರೆಯೊಳಗೆ! ಚಪ್ಪಾಳೆ ಹೊಡೆದೆ. ಯಾರೂ ಜೊತೆಗೂಡಲಿಲ್ಲ.

ಮುಂದಿನವ ಕಂಪ್ಲಿಯ ರಾಮಾಂಜಿನಿ. ಅದೇ ಎತ್ತರ. ತೋಳು ನೋಡಿ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ — ಬಾಳೆಗಿಡದ ದಿಂಡು ಅದು, ತೋಳಲ್ಲ. ಬಾಳೆಹಣ್ಣು ತಿನ್ನುತ್ತಲೇ ಮಾಪಕದ ಮೇಲೆ ನಿಂತ. 76.8. “ಪಾಸ್,” ಎಂದರು.

ಎದ್ದು ನಿಂತೆ. “ಆಕ್ಷೇಪಣೆ! ನೂರು ಕಳೆದು ನಾಲ್ಕು!”

“ಏಳು ಸಾರ್,” ಎಂದ ಮೇಜಿನ ಹಿಂದಿನವ. “ಈ ವರ್ಷದಿಂದ ಏಳು. ಹುಡುಗ್ರು ದೊಡ್ಡೋರಾಗ್ಯಾರ, ಅದಕ್ಕ ಗೆರಿ ಮ್ಯಾಲೆ ಸರದೈತಿ. ಅನುಬಂಧ ನೋಡಿಲ್ಲೇನ್ರೀ?”

ಫೈಲು ಕೈಯಲ್ಲೇ ಇತ್ತು. ತೆಗೆದೆ. ಎರಡನೆಯ ಹಾಳೆ. ಏಳು. ಅದರ ಪಕ್ಕ, ಮುತ್ತಿನಂಥ ಅಕ್ಷರದಲ್ಲಿ: ‘ನೋಡಿದೆ — ವ್ಯಾಸರಾಜ.’

ಮೂವತ್ನಾಲ್ಕು ವರ್ಷ ನೋಡದೆ ‘ನೋಡಿದೆ’ ಎಂದು ಬರೆದಿದ್ದೇನೆ. ಕಾಲುವೆ ಹರಿದೇ ಹರಿಯಿತು. ನೀರು ಎಂದೂ ಬಂದು ನನ್ನನ್ನು ಕೇಳಿರಲಿಲ್ಲ.

ಭಾರ್ಗವ ಹಾಳೆ ಓದಿದ. ಎರಡು ಸಲ. 77ಕ್ಕೆ ಬರಬಹುದಾದವ 73.9ಕ್ಕೆ ಬಂದು ನಿಂತಿದ್ದ. ಆರು ವಾರ ಹಸಿದು, ಬೇಕಾದ ಮಾಂಸವನ್ನೂ ಕರಗಿಸಿಕೊಂಡು. ಫೈಲು ಮುಚ್ಚಿ ನನ್ನ ಕೈಗೇ ಕೊಟ್ಟ.

ಪಕ್ಕೀರಪ್ಪ ಅವನ ಭುಜ ಹಿಡಿದ. “ಲೇ, ಇನ್ನಾ ಟೈಮ್ ಐತಿ. ಅನ್ನ ತಿನ್ನು, ನೀರು ಕುಡಿ, ಮುಂಜಾನಿಗೆ ಮೈ ತುಂಬತೈತಿ. ಅರ್ಧರ ವಾಪಸ್ ಬರತೈತಿ.”

“ಇವತ್ತು ಆಗಂಗಿಲ್ಲಣ್ಣ.”

“ಯಾಕ?”

“ಅಜ್ಜಿ ಜೋಡಿ ಕೂತೀನಿ.”

ಈಗ ಇಬ್ಬರೂ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ತುಟಿ ಒಣಗಿವೆ, ಇಬ್ಬರದೂ. ನಾನು ಕಾಫಿ ಕುಡಿದಿಲ್ಲ.

ನವೆಂಬರ್ 16, ಭಾನುವಾರ. ಸಂಜೆ

ಬೆಳಿಗ್ಗೆ ಆರೂಕಾಲಿಗೆ ಪಾರಣೆ. ತೀರ್ಥ, ನೆಲ್ಲಿಕಾಯಿ, ಅಗಸೆ ಸೊಪ್ಪು. ಆಮೇಲೆ ಅಮ್ಮ ಕಚ್ಚೆ ಸೀರೆ ಉಟ್ಟು ನಿಂತಳು. “ನಾನೂ ಬರ್ತೀನಿ. ಜೋಡಿ ಕೂತಾಕಿ ಫಲ ನೋಡಬ್ಯಾಡೇನು?”

ಕಲ್ಯಾಣ ಮಂಟಪ. ಹಿಂದಿನ ದಿನದ ‘ಶುಭವಿವಾಹ’ ಥರ್ಮಾಕೋಲು ಇನ್ನೂ ತೆಗೆದಿರಲಿಲ್ಲ. ಅದರ ಕೆಳಗೆ ಎಣ್ಣೆ ಹಚ್ಚಿಕೊಂಡ ಎಂಟು ಜನ, ಚಡ್ಡಿಯಲ್ಲಿ.

“ಇವರಿಗೇನು ನಾಚಿಕಿ ಇಲ್ಲೇನೋ ವ್ಯಾಸಾ?”

“ಅದಕ್ಕ ಮಾರ್ಕ್ಸ್ ಇಲ್ಲಮ್ಮ.”

ಎಂಟರಲ್ಲಿ ನಮ್ಮವನೇ ಸಣ್ಣವ. ರಾಮಾಂಜಿನಿಯ ಪಕ್ಕ ನಿಂತರೆ, ಕಡಲೆಕಾಳಿನ ಪಕ್ಕ ಸಾಸಿವೆ. ನನಗೆ ನೆಲದಲ್ಲಿ ಇಳಿದು ಹೋಗುವ ಹಾಗಾಯಿತು. ಅಷ್ಟರಲ್ಲಿ “ಹಿಂದಕ್ಕೆ ತಿರುಗಿ” ಎಂದರು. ತಿರುಗಿದರು. ಭಾರ್ಗವ ಎರಡೂ ಕೈ ಮೇಲೆತ್ತಿ ಬೆನ್ನು ಬಿಗಿದ.

ಏನು ಬರೆಯಲಿ? ತಮಾಷೆ ಹುಡುಕಿದೆ, ಸಿಗಲಿಲ್ಲ. ಹೆಗಲಿನಿಂದ ಸೊಂಟದ ತನಕ ಒಂದೊಂದು ಎಳೆಯೂ ಎದ್ದು ನಿಂತಿತ್ತು. ಚರ್ಮವೆಂಬುದು ಇರಲೇ ಇಲ್ಲ. ಅವನು ಉಸಿರು ಬಿಟ್ಟಾಗ ಬೆನ್ನಿನ ಮೇಲೆ ಬೆಳಕು ಓಡಾಡಿತು. ಶಿಳ್ಳೆ ಹೊಡೆಯುತ್ತಿದ್ದ ಹುಡುಗರೆಲ್ಲ ಕುರ್ಚಿ ಬಿಟ್ಟು ಎದ್ದು ನಿಂತರು.

ಅಮ್ಮ ನನ್ನ ಮಣಿಕಟ್ಟು ಹಿಡಿದಳು. “ಮನುಷ್ಯಾನ ಒಳಗ ಇಷ್ಟೆಲ್ಲಾ ಇರತದೇನೋ?”

ಫಲಿತಾಂಶ: ರಾಮಾಂಜಿನಿ ಒಂದು. ಭಾರ್ಗವ ನಾಲ್ಕು. ತೀರ್ಪುಗಾರರಲ್ಲಿ ಒಬ್ಬರು ಕೆಳಗಿಳಿದು ಬಂದು ಅವನ ಕೈ ಹಿಡಿದರು. “ಬೆನ್ನು ನಿಂದs ಒಂದನೇದು. ಆದ್ರ ಸೈಜ್ ಇಲ್ಲಪ್ಪ. ಇನ್ನೊಂದೆರಡು ಕಿಲೋ ಇದ್ದಿದ್ರ…”

ಇನ್ನೆರಡು ಕಿಲೋ. ನನ್ನ ಫೈಲಿನಲ್ಲಿತ್ತು.

ನವೆಂಬರ್ 17, ಸೋಮವಾರ

6.10ಕ್ಕೆ ಟೇಪು ಹಿಡಿದು ಕೂತೆ. ಹುಡುಗ ಮೊದಲ ಬಸ್ಸಿಗೇ ಸಂಡೂರಿಗೆ ಹೋಗಿದ್ದ. ಅಳತೆ ಇಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಸುತ್ತೋಲೆ, ಸಹಿ, ಸೂಜಿ, ಎಮ್ಮಿಗನೂರಿನ ಹುಡುಗ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ಆರಿಸುತ್ತಲೇ ಇದ್ದಳು. ಕೊನೆಗೆ ಒಂದೇ ಪ್ರಶ್ನೆ.

“ಸೂಜಿ ಎಷ್ಟು ಉದ್ದ ಇರತದ?”

ನವೆಂಬರ್ 24, ಸೋಮವಾರ. ಬೆಳಿಗ್ಗೆ 6.10

ಭಾರ್ಗವ ಬಂದು ಕೂತ. ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ ಇಟ್ಟ. “ಕಾಕಾ, ಮೊದಲ ಅಳತಿ ತಗೊ. ಇವತ್ತಿಂದ ಶುರು. ಎಷ್ಟು ಏರ್ತದ ನೋಡೂಣು.”

ಯಾವ ಮುಖದಿಂದ ಬೇಡ ಎನ್ನಲಿ?

ಅಮ್ಮ ದೇವರ ಮನೆಯಿಂದ ಎದ್ದು ಬಂದು ಅವನ ಎದುರು ಕುರ್ಚಿಯಲ್ಲಿ ಕೂತಳು. ಕುಪ್ಪಸದ ತೋಳು ಮೇಲೆ ಸರಿಸಿದಳು. ಕೈ ಚಾಚಿದಳು.

“ಮೊದಲ ನನಗ ಚುಚ್ಚು.”

“ಅಜ್ಜಿ! ಏನು ಹಚ್ಚೀದಿ?”

“ನನ್ನ ಏಕಾದಶಿಗೆ ನೀ ಜೋಡಿ ಕೂತಿ. ನಿನ್ನ ಸೂಜಿಗೆ ನಾ ಜೋಡಿ ಕೂಡ್ತೀನಿ. ಒಬ್ಬನs ಬಿಡೂದು ಧರ್ಮ ಅಲ್ಲ.”

“ಇದು ನಿನಗಲ್ಲ. ಸತ್ತು ಹೋಗ್ತಿ.”

“ನಿನಗ ಏನಾಗ್ತದ?”

ಅವನು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಚೇಷ್ಟೆಯಲ್ಲ, ನಾನು ಅವಳನ್ನು ಅರವತ್ತೊಂದು ವರ್ಷದಿಂದ ಬಲ್ಲೆ. ಗೋಡೆ ಗಡಿಯಾರ ಆರೂ ಇಪ್ಪತ್ತು ತೋರಿಸಿತು, ಆರೂ ಇಪ್ಪತ್ತೈದು. ಆ ತೋಳು ನಡುಗಲಿಲ್ಲ. ಪಕ್ಕೀರಪ್ಪನ ಜಿಮ್ಮಿನಲ್ಲಿ ಅಷ್ಟು ಹೊತ್ತು ಕೈ ಚಾಚಿ ಹಿಡಿಯುವವರು ಯಾರಿದ್ದಾರೆ?

ಭಾರ್ಗವ ನನ್ನ ಕೈಯಿಂದ ಟೇಪು ತೆಗೆದುಕೊಂಡ. ಅವಳ ತೋಳಿಗೆ ಸುತ್ತಿದ. ಮೆತ್ತಗೆ.

“ಬರ್ಕೋ ಕಾಕಾ.” ಟೇಪಿನ ಅಂಕಿ ನೋಡಿದ. “ಏಳೂವರಿ.”

ಬರೆದೆ. ಗಂಗಾಬಾಯಿ. ತೋಳು 7½.

ಬಹಳ ಹೊತ್ತು ಆ ತೋಳು ಹಿಡಿದುಕೊಂಡೇ ಇದ್ದ. ಆಮೇಲೆ ಕುಪ್ಪಸ ಕೆಳಗೆ ಸರಿಸಿದ, ಡಬ್ಬಿ ಜೇಬಿಗೆ ಹಾಕಿಕೊಂಡ. “ಬಸ್ಸಿಗೆ ಹೋಗೋ ಮುಂದ ಪಕ್ಕೀರಣ್ಣಗ ವಾಪಸ್ ಕೊಟ್ಟು ಹೋಗ್ತೀನಿ. ನಾಳಿಂದ ಎರಡು ಬಟ್ಟಲ ತೊವ್ವೆ ಹಾಕು ಅಜ್ಜಿ. ಹೆಂಗೂ ಗೆರಿ ಏರೇದಲ್ಲ, ಅಲ್ಲಿ ತನಕ ತಿಂದು ಹೋಗ್ತೀನಿ.”

“ಮೂರು ಹಾಕ್ತೀನಿ. ಆಷಾಢದ ತನಕ ಯಾವ ವ್ರತಾನೂ ಇಲ್ಲ.”

ಅವನು ಹೋದ. ಅಮ್ಮ ಇಲ್ಲೇ ಕೂತಿದ್ದಾಳೆ. ಮುಂದಿನ ವರ್ಷದ ಸುತ್ತೋಲೆ ನಿನ್ನೆಯೇ ನನ್ನ ಫೋನಿಗೆ ಬಂದಿದೆ. ಪೂರ್ತಿ ಓದಬೇಕಂತೆ, ಗಟ್ಟಿಯಾಗಿ, ಅವಳ ಮುಂದೆಯೇ. ಓದುತ್ತಿದ್ದೇನೆ. ಮೊದಲ ಹಾಳೆ ಮುಗಿಯಿತು. ‘ಕಳೆದ ವರ್ಷದ ನಿಯಮಗಳೇ ಮುಂದುವರಿಯುತ್ತವೆ.’ ಎರಡನೆಯ ಹಾಳೆ. ಅನುಬಂಧ. ಎತ್ತರದಿಂದ ನೂರು ಕಳೆದು, ಕೂಡಿಸತಕ್ಕದ್ದು —