ಗುಂಯ್ ಅನ್ನುವ ತನಕ

ಫೆಬ್ರವರಿ 9, ಭಾನುವಾರ

ಕುಷ್ಟಗಿ. ಕಲ್ಯಾಣ ಮಂಟಪ. ಕೇಬಲ್ ಎಳೆದು, ಟೇಪ್ ಹಚ್ಚಿ, ಮೈಕ್ ಚೆಕ್ ಮುಗಿಸಿ ಚಾ ಬಾಯಿಗಿಟ್ಟಿದ್ದೆ. ಮತ್ತೆ ಅದೇ ಗುಂಯ್. ಹಾಡಿನ ಅಡಿಯಲ್ಲಿ ದುಂಬಿ ಕೂತ ಹಾಗೆ. ಹಾಡು ನಿಲ್ಲಿಸಿದರೆ ಇನ್ನೂ ಜೋರು. ಲ್ಯಾಪ್‌ಟಾಪ್ ಬದಲಿಸಿದೆ, ಕೇಬಲ್ ಬದಲಿಸಿದೆ, ಮಿಕ್ಸರ್‌ನ ಎಲ್ಲ ಚಾನೆಲ್ ಇಳಿಸಿದೆ. ಹೋಗಲಿಲ್ಲ. ಮದುಮಗನ ಗೆಳೆಯರು ಶುರು ಮಾಡಿದರು — "ಡಿಜೆ ಅಣ್ಣಾ, ಹಾಡ್ ಹಚ್ಚಿಯೋ, ಹಿಟ್ಟಿನ ಗಿರಣಿ ಹಚ್ಚಿಯೋ?"

ಕೊಟ್ರಬಸಪ್ಪ ಮಾವ ಬಂದ. ಅವ್ವನ ತಮ್ಮ. ಸೆಟ್ ಅವನದು, ಓಡಿಸುವವನು ನಾನು. ಎದುರಿಗೆ ರೀ ಅನ್ನುತ್ತೇನೆ, ಇಲ್ಲಿ ಬರೆಯುವಾಗ ಬೇಡ. ಆಂಪ್ಲಿಫೈಯರ್ ಪ್ಲಗ್ ಕಿತ್ತ. ಮೂರು ಪಿನ್ನಿನಲ್ಲಿ ಮೇಲಿನ ದಪ್ಪನೆಯದನ್ನು ತಂತಿ ಕತ್ತರಿಸುವ ಪಕ್ಕಡ್‌ನಲ್ಲಿ ಹಿಡಿದು ತಿರುವಿ ಮುರಿದ. ಮತ್ತೆ ಚುಚ್ಚಿದ. ಗುಂಯ್ ಮಾಯ.

"ಐಟಿಐದಾಗ ಇದನ್ನ ಕಲಿಸಿಲ್ಲೇನಲೇ ವಿರುಪಾ?" ಅಂದ. ಎಲ್ಲರೂ ನಕ್ಕರು.

ಕಲಿಸಿದ್ದರು. ಅದು ಅರ್ಥ್ ಪಿನ್. ಮಷಿನ್ನಿನ ಮೈಗೆ ಸೋರಿದ ಕರೆಂಟು ನೆಲಕ್ಕೆ ಇಳಿಯುವ ದಾರಿ ಅದೊಂದೇ. ಮುರಿಯಬಾರದು ಅಂತಲೇ ಕಲಿಸಿದ್ದರು. ಹೇಳಬೇಕೆನ್ನುವಷ್ಟರಲ್ಲಿ ಕುಣಿತ ಶುರುವಾಗಿತ್ತು.

ಫೆಬ್ರವರಿ 13, ಗುರುವಾರ

ಕಾರಟಗಿ. ಅಕ್ಕಿ ಗಿರಣಿಯವರ ಮದುವೆ. ಸೌಂಡ್ ಕನ್ನಡಿ ಇದ್ದಂಗಿತ್ತು, ಗುಂಯ್ ಇಲ್ಲ. ಮಾವ ಖುಷ್.

ಆದರೆ ಮಿಕ್ಸರ್ ಮುಟ್ಟಿದರೆ ಬೆರಳಿಗೆ ಜುಮ್. ಮೊದಲು ಚಳಿ ಅಂದುಕೊಂಡೆ. ಫೆಬ್ರವರಿಯಲ್ಲಿ, ಕಾರಟಗಿಯಲ್ಲಿ, ಚಳಿ! ಆಮೇಲೆ ಗೊತ್ತಾಯಿತು, ಚಪ್ಪಲಿ ಇಲ್ಲ. ಹಂದರದೊಳಗೆ ಚಪ್ಪಲಿ ಹಾಕಬಾರದು ಅಂತ ಹಿರಿಯರು ಬಿಡಿಸಿದ್ದರು. ಬರಿಗಾಲು, ನೀರು ಚಿಮುಕಿಸಿದ ನೆಲ. ಟೆಸ್ಟರ್ ಹಿಡಿದೆ. ಮಂಕಾಗಿ ಹತ್ತಿತು.

"ಮಾವಾ, ಮಿಕ್ಸರ್ ಮೈಗೆ ಕರೆಂಟ್ ಬರಾಕತ್ತೈತಿ ನೋಡ್ರಿ."

"ಆ ಟೆಸ್ಟರ್ ಎಮ್ಮಿ ಕೋಡಿಗೆ ಹಿಡದ್ರೂ ಹತ್ತತೈತಿ. ವಾಲ್ಯೂಮ್ ಏರಸು."

ಏರಿಸಿದೆ. ಬಟನ್ ಮುಟ್ಟಲು ಕರವಸ್ತ್ರ ಸುತ್ತಿಕೊಂಡು.

ಫೆಬ್ರವರಿ 23, ಭಾನುವಾರ

ಇಟಗಿ ದಾಟಿ ಒಂದು ಸಣ್ಣ ಊರು. ಇವತ್ತಿನದು ಬರೆಯಲೇಬೇಕು.

ಮದುಮಗನ ಮನೆ ಅಂಗಳ. ಸ್ಪೀಕರ್ ಇಟ್ಟ ಕಬ್ಬಿಣದ ಸ್ಟ್ಯಾಂಡ್, ಅದರ ಕೆಳಗಿನ ಕಬ್ಬಿಣದ ತಟ್ಟೆಯಲ್ಲಿ ಆಂಪ್ಲಿಫೈಯರ್. ಒಂದು ನಾಯಿ ಬಂತು. ಸ್ಟ್ಯಾಂಡ್ ಮೂಸಿತು. ಕಾಲೆತ್ತಿತು. ಮುಂದಿನ ಕ್ಷಣ ಕುಂಯ್ ಅಂತ ಒಂದಾಳೆತ್ತರ ಹಾರಿ, ಊಟದ ಪಂಕ್ತಿ ದಾಟಿ ಓಡಿತು. ಇಡೀ ಹಂದರ ಬಿದ್ದು ಬಿದ್ದು ನಕ್ಕಿತು. ಮಾವ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಯಾರೋ ವಿಡಿಯೋ ಮಾಡಿದ್ದರು, ಸಂಜೆಯೊಳಗೆ ನನ್ನ ಮೊಬೈಲಿಗೇ ಬಂತು.

ನಾನು ನಗಲಿಲ್ಲ. ಸ್ಟ್ಯಾಂಡ್ ಸುತ್ತ ಮಕ್ಕಳು ಕುಣಿಯುತ್ತಿದ್ದರು. "ಸರೀರಿ, ಸರೀರಿ" ಅಂತ ಕೂಗಿ ಕೂಗಿ ಗಂಟಲು ಹೋಯಿತು. ಮಕ್ಕಳ ಕುಣಿತಕ್ಕೆ ಕಲ್ಲು ಹಾಕುವ ಡಿಜೆ ಎಲ್ಲಿಯವನಪ್ಪಾ ಅಂತ ಒಬ್ಬಾಕೆ ಬೈದಳು.

ಮಾರ್ಚ್ 2, ಭಾನುವಾರ

ಯಲಬುರ್ಗಾ. ಹೊಸ ಪ್ಲಗ್ ಹಾಕಿಕೊಂಡು ಹೋಗಿದ್ದೆ, ಮಾವನಿಗೆ ಹೇಳದೆ. ಮೂರೂ ಪಿನ್. ಜುಮ್ ಹೋಯಿತು. ಗುಂಯ್ ಬಂತು. ಗುಂಯ್ ಅಂದರೆ ಕರೆಂಟು ತನ್ನ ದಾರಿ ಹಿಡಿದು ನೆಲಕ್ಕೆ ಹೋಗುತ್ತಿದೆ ಅಂತ. ನನ್ನ ಕಿವಿಗೆ ಅಷ್ಟು ಹಿತವಾದ ಸಪ್ಪಳ ಬೇರೆ ಇಲ್ಲ ಅನ್ನಿಸಿತು.

ಬೇರೆ ಯಾರಿಗೂ ಹಾಗನ್ನಿಸಲಿಲ್ಲ. ಮದುಮಗಳ ಅಪ್ಪ ಬಂದು, "ಏನ್ರೀ ಕೊಟ್ರಬಸಪ್ಪ, ಸೆಟ್ ಮುದುಕ ಆತೇನು?" ಅಂದ. ಮಾವನ ಮುಖ ಕಪ್ಪಾಯಿತು. ಪಕ್ಕಡ್ ತಂದ. ನನ್ನ ಕೈಗೇ ಕೊಟ್ಟ. "ಮುರಿ."

ಅಷ್ಟು ಜನದ ಎದುರಿಗೆ. ಮುರಿದೆ. ಎರಡು ಸಲ ಪಕ್ಕಡ್ ಜಾರಿದ್ದು ಮಾವನಿಗೆ ಕಂಡಿರಬೇಕು. "ಗಂಡ್ಸು ಅದೀಯೋ ಇಲ್ಲೋ?" ಅಂದ.

ಏಪ್ರಿಲ್ 20, ಭಾನುವಾರ

ಬರೆಯಲು ಆಗಿರಲಿಲ್ಲ. ಬರೆದರೆ ದಿನಾ ಅದನ್ನೇ ಬರೆಯಬೇಕು — ಇವತ್ತೂ ಯಾರೂ ಸಾಯಲಿಲ್ಲ, ಇವತ್ತೂ ಯಾರೂ ಸಾಯಲಿಲ್ಲ. ಎಲ್ಲೇ ಹೋದರೂ ಮೊದಲು ನೆಲ ನೋಡುತ್ತೇನೆ. ಒಣಗಿದ್ದರೆ ಉಸಿರು. ಸಗಣಿ ಸಾರಿಸಿದ್ದರೆ, ನೀರು ಹೊಡೆದಿದ್ದರೆ, ಸೆಟ್ ಬಿಟ್ಟು ಕದಲುವುದಿಲ್ಲ. ಗುಂಯ್ ತೆಗೆಯುವ ಸಣ್ಣ ಡಬ್ಬಿ ಬರುತ್ತದೆ, ಅದನ್ನು ಹಾಕಿದರೆ ಪಿನ್ ಮುರಿಯುವ ಕೆಲಸವೇ ಇಲ್ಲ. ಆರ್ಡರ್ ಮಾಡಿದೆ. ಒಮ್ಮೆ ಕ್ಯಾನ್ಸಲ್ ಆಯಿತು. ಮತ್ತೆ ಮಾಡಿದೆ.

ಐಶ್ವರ್ಯಳ ಮದುವೆ ಗಟ್ಟಿಯಾಯಿತು. ಮಾವನ ಮಗಳು. ಹುಡುಗ ಗಂಗಾವತಿಯವನು. ಮೇ 18. ಮಾವನ ಮನೆಯ ಮುಂದೆಯೇ ಹಂದರ. ಸೆಟ್ ನಮ್ಮದೇ.

ನಾವು ಸಣ್ಣವರಿದ್ದಾಗ ಎಲ್ಲರೂ ನಮ್ಮಿಬ್ಬರನ್ನು ಕೂಡಿಸಿ ಹಾಸ್ಯ ಮಾಡುತ್ತಿದ್ದರು. ನಾನು ಅದನ್ನು ನಿಜ ಅಂದುಕೊಂಡಿದ್ದೆ. ಸ್ವಲ್ಪ ನೋವಾಯಿತು. ಸ್ವಲ್ಪ ಅಲ್ಲ.

ಐಶ್ವರ್ಯಳ ಅವ್ವ ಗುರುಲಿಂಗಮ್ಮ ಅತ್ತೆ ಈಗಲೇ ಹೇಳಿಬಿಟ್ಟಿದ್ದಾಳೆ, "ಸುರಗಿ ನೀರಿಗೂ ಹಾಡು ಬೇಕೋ ವಿರುಪಾ. ಹೆಣ್ಮಕ್ಕಳು ಕುಣೀಬೇಕು."

ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಕೊಡಗಟ್ಟಲೆ ನೀರು ಹಾಕುತ್ತಾರೆ. ಅಂಗಳವೆಲ್ಲ ಕೆಸರು. ಎಲ್ಲರೂ ಬರಿಗಾಲು.

ಮೇ 14, ಬುಧವಾರ

ಮಾವನ ಊರಿಗೆ ಬಂದೆ. ಜಾಗ ತೋರಿಸಿದ. ಸುರಗಿ ಹಾಕುವ ಕಡೆಯಿಂದ ಎರಡು ಹೆಜ್ಜೆ. ಗಾಳಿಗೆ ಬೀಳಬಾರದು ಅಂತ ಸ್ಪೀಕರ್ ಸ್ಟ್ಯಾಂಡನ್ನು ಶಾಮಿಯಾನದ ಕಬ್ಬಿಣದ ಪೈಪಿಗೆ ತಂತಿಯಿಂದ ಬಿಗಿಯಬೇಕಂತೆ. ಸುರಗಿಯಲ್ಲಿ ಕೂತವರು ಜಾರುವ ನೆಲದಿಂದ ಏಳುವಾಗ ಕೈ ಚಾಚಿ ಹಿಡಿಯುವುದು ಅದೇ ಪೈಪು.

ಬೇರೆ ಕಡೆ ಇಡೋಣ ಅಂದೆ. ಬೇಡ ಅಂದ.

ಆರ್ಡರ್ ಮಾಡಿದ ಡಬ್ಬಿ ಇನ್ನೂ ಬಂದಿರಲಿಲ್ಲ. ಹೊಸ ಪ್ಲಗ್ ಕಿಸೆಯಲ್ಲೇ ಇತ್ತು. ಹಾಕಿದೆ, ಯಾರೂ ನೋಡದಾಗ. ಸಮಾಧಾನ ಆಯಿತು ಅಂದುಕೊಂಡೆ. ಹಾಡು ಹಚ್ಚಿ ನಿಲ್ಲಿಸಿದೆ. ಗುಂಯ್ ಇಲ್ಲ! ಟೆಸ್ಟರ್ ಹಿಡಿದರೆ ಹತ್ತುತ್ತಿದೆ. ಬೋರ್ಡ್ ಬಿಚ್ಚಿದೆ. ಮೂರನೇ ತೂತಿನ ಹಿಂದೆ ವೈರೇ ಇಲ್ಲ. ಇಡೀ ಮನೆಗೆ ಅರ್ಥಿಂಗ್ ಇಲ್ಲ. ಹಳೇ ವೈರಿಂಗ್. ಪಿನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅಂಗಳದಲ್ಲಿ ಒಂದು ಗುಂಡಿ ತೆಗೆದು ರಾಡ್ ಹೂಳಬೇಕು. ಮಾವನನ್ನು ಕೇಳಿದೆ.

"ಮದುವಿ ಮನ್ಯಾಗ ಕುಣಿ ತೋಡ್ತೀಯೇನಲೇ?" ಹೆಣ ಹೂಳುವ ಕುಣಿ ಅಂದುಕೊಂಡು ಅವನ ಕಣ್ಣು ಕೆಂಪಾದವು. "ಯಾರಿಗೆ ತೋಡ್ತಿ?"

"ಕರೆಂಟ್ ಹೊಡದ್ರ ಜೀವ ಹೋಗತೈತ್ರಿ ಮಾವಾ. ಸುರಗಿ ಹೊತ್ತಿಗೆ ಆದ್ರೂ ಸೆಟ್ ಬಂದ್ ಇಡೋಣ್ರಿ."

ಮಾವ ನನ್ನನ್ನು ಪಕ್ಕಕ್ಕೆ ಕರೆದ. ಆಮೇಲೆ ಮೆಲ್ಲಗೆ, "ನಿನ್ ಹೊಟ್ಟಿ ಯಾಕ ಉರೀತೈತಿ ಅಂತ ನನಗ ಗೊತ್ತೈತಿ ವಿರುಪಾ. ಹುಡುಗಿ ಮದುವಿ ಛಲೋತ್ನಂಗ ಆಗಲಿ. ಬಾಯಿ ಮುಚ್ಚು."

ಇನ್ನು ನಾನು ಏನು ಹೇಳಿದರೂ ಅದೇ ಅರ್ಥ ಹಚ್ಚುತ್ತಾರೆ. ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಮೇ 15, ಗುರುವಾರ

ಉಪಾಯ ಹೊಳೆಯಿತು. ಮದುವೆ ಮನೆಯಲ್ಲಿ ತೋಡಬಹುದಾದ ಕುಣಿ ಒಂದಿದೆ. ಪೂಜೆ ಮಾಡಿ ನೆಡುವ ಹಂದರಗಂಬದ್ದು!

ಕುಣಿ ನಾನೇ ತೋಡುತ್ತೇನೆ ಅಂತ ಗುದ್ದಲಿ ಹಿಡಿದೆ. ಮಾವನ ಸಿಟ್ಟು ಅರ್ಧ ಇಳಿಯಿತು. ಬೇಕಿದ್ದಕ್ಕಿಂತ ಆಳವಾಗಿ ತೋಡಿದೆ. ರಾಡನ್ನು ಮೊದಲೇ ಹಸಿರು ವೈರ್ ಬಿಗಿದು ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದೆ. ಅಯ್ಯನವರು ಮಂತ್ರ ಹೇಳುತ್ತ ಹಾಲು, ನವಧಾನ್ಯ ಹಾಕಿಸುತ್ತಿದ್ದರು. ನಾನು ಕಂಬ ಹಿಡಿದು ನಿಲ್ಲಿಸುವ ನೆಪದಲ್ಲಿ ರಾಡ್ ಇಳಿಸಿದೆ. ಕರೆಂಟು ನೆಲಕ್ಕೆ ಚೆನ್ನಾಗಿ ಇಳಿಯಲು ಇದ್ದಿಲು, ಉಪ್ಪು ಬೇಕು; ಇದ್ದಿಲು ಸುರಿದೆ. ಯಾರೂ ನೋಡಲಿಲ್ಲ. ಉಪ್ಪು ಸುರಿಯುವಾಗ ಅತ್ತೆ ನೋಡಿದಳು.

"ಹಂದರಗಂಬಕ್ಕ ಉಪ್ಪು ಯಾಕೋ?"

"ದೃಷ್ಟಿ ತಾಗಬಾರ್ದು ಅಂತ್ರಿ ಅತ್ತಿ. ಕಾರಟಗಿ ಕಡೆ ಹಾಕ್ತಾರ."

"ಹೌದೇನು? ಹಂಗಾರ ಇನ್ನೊಂದು ಬೊಗಸಿ ಹಾಕು."

ದೇವರೇ! ಹಾಕಿದೆ. ಅಯ್ಯನವರೂ ಹೂಂ ಅಂದರು. ಹಾಲು ನೀರು ಬಿದ್ದು ಮಣ್ಣು ಹಸಿ. ಇದಕ್ಕಿಂತ ಒಳ್ಳೆಯ ಅರ್ಥಿಂಗ್ ನಾನು ಎಲ್ಲೂ ಮಾಡಿಲ್ಲ.

ಮೇ 17, ಶನಿವಾರ

ವೈರ್ ಮಣ್ಣಿನ ಕೆಳಗೆ ಎಳೆದು ಸ್ಟ್ಯಾಂಡಿಗೂ ಆಂಪ್ಲಿಫೈಯರ್ ಮೈಗೂ ಬಿಗಿದೆ. ಕಂಬದ ಬುಡದಲ್ಲಿ ಗೇಣುದ್ದ ಮಾತ್ರ ಹೊರಗೆ ಕಾಣುತ್ತದೆ, ಅದರ ಮೇಲೆ ಮಾವಿನ ತೋರಣ ಇಳಿಬಿಟ್ಟೆ. ಟೆಸ್ಟರ್ ಕತ್ತಲು. ಬರಿಗಾಲಲ್ಲಿ ನಿಂತು ಅಂಗೈ ಇಟ್ಟೆ. ಏನೂ ಇಲ್ಲ. ಗುಂಯ್ ಮಾತ್ರ ತುಂಬು ದನಿಯಲ್ಲಿ ಬಂತು.

ಮಾವ ಓಡಿ ಬಂದ. ಬೀಗರ ಎದುರಿಗೆ ಮಾನ ಕಳೆಯುತ್ತೀಯಾ ಅಂದ. ಪ್ಲಗ್ ಕಿತ್ತು ಪಿನ್ ಮುರಿದ. ಗುಂಯ್ ಹೋಗಲಿಲ್ಲ. ಹೋಗುವುದಿಲ್ಲ, ಈಗ ದಾರಿ ಪಿನ್ನಿನದಲ್ಲ. ಮೊದಲ ಸಲ ಒಳಗೊಳಗೇ ನಕ್ಕೆ.

"ಬೇಕಂತ ಮಾಡಾಕತ್ತಾನ ಇಂವ," ಅಂದ ಮಾವ ಅತ್ತೆಗೆ. ನಾನು ಕೇಳಲಿ ಅಂತಲೇ.

ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು. ಕೈತುಂಬ ಹಸಿರು ಬಳೆ. "ವಿರುಪಣ್ಣಾ, ಏನರ ತೊಂದ್ರಿ ಐತೇನು?" ಅಂದಳು. ಅಣ್ಣಾ ಅಂದದ್ದು ಇದೇ ಮೊದಲು. ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಹೆದರುತ್ತಾಳೆ. ಹೆದರುವ ಕೆಲಸ ನನಗೇ ಇರಲಿ.

"ಏನಿಲ್ಲವಾ. ಸ್ವಲ್ಪ ಗುಂಯ್ ಅಂತೈತಿ ಅಷ್ಟ."

ಮೇ 18, ಬೆಳಿಗ್ಗೆ

ಮಾವ ಸೆಟ್ ಮೇಲಿಂದ ಎಬ್ಬಿಸಿದ. ಮಗ ಪ್ರಭುರಾಜನನ್ನು ಕೂರಿಸಿದ್ದಾನೆ. ನನ್ನನ್ನು ಒಳಕೋಣೆಯಲ್ಲಿ ತೆಂಗಿನಕಾಯಿ ಸುಲಿಯಲು ಹಚ್ಚಿದ್ದಾನೆ. "ಸುರಗಿ ಮುಗಿಯೋತನ ಹೊರಗ ಬರಬ್ಯಾಡ. ಕಣ್ಣು ಛಲೋ ಇಲ್ಲ ನಿಂದು."

ಬರುವ ಮುಂಚೆ ಪ್ರಭುರಾಜನ ಕೈ ಹಿಡಿದು ಹೇಳಿದೆ, "ತಮ್ಮಾ, ಹಸಿರು ವೈರ್ ಐತಲ್ಲ, ಅದೊಂದು ಮುಟ್ಟಬ್ಯಾಡ. ಯಾರಿಗೂ ಮುಟ್ಟಗೊಡಬ್ಯಾಡ." ಹೂಂ ಅಂದ. ಮೊಬೈಲ್ ನೋಡುತ್ತ.

ಪಡಸಾಲೆ ತುಂಬ ಹೆಂಗಸರು. ನೀರು ಹಾಕುವ ಸಪ್ಪಳ, ಕೇಕೆ. ಕಿಟಕಿ ಮೇಲಿದೆ, ಏನೂ ಕಾಣುವುದಿಲ್ಲ. ಕಿವಿ ಮಾತ್ರ ಹೊರಗಿಟ್ಟು ಕೂತಿದ್ದೇನೆ. ಕಾಯಿ ಸುಲಿದರೆ ಹೊರಗಿನದು ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಾಡು ನಿಂತಿತು. ಗುಂಯ್... ಇದೆ. ಗುಂಯ್ ಅನ್ನುವ ತನಕ ಎಲ್ಲರೂ ಕ್ಷೇಮ.

ಇನ್ನೊಂದು ಹಾಡು. ಮುದಕಮ್ಮಜ್ಜಿಯ ದನಿ, ನನ್ನ ಅವ್ವನ ಅವ್ವ. ಹಾಡಿನ ನಡುವೆ ಪೂರ್ತಿ ಕೇಳಿಸಲಿಲ್ಲ. "ಹಂದರಗಂಬಕ್ಕ ಇದೇನ ಸುತ್ತೀರೋ..." ಅಂದ ಹಾಗಾಯಿತು. ನನ್ನ ಭ್ರಮೆ ಇರಬೇಕು. ಭ್ರಮೆ ಆಗಿರಲಿ.

ಹಾಡು ನಿಂತಿತು.

ಗುಂಯ್ ಇಲ್ಲ.

ಚಪ್ಪಾಳೆ ಹೊಡೆಯುತ್ತಿದ್ದಾರೆ. ಮಾವ ಕೂಗುತ್ತಿದ್ದಾನೆ, "ಆ ಹಸಿರು ವೈರ್ ಕಿತ್ತೇನ್ ನೋಡ್ರಿ, ಹೆಂಗ ಸ್ವಚ್ಛ ಆತು!"

ಬಾಗಿಲು ಹೊರಗಿನಿಂದ ಚಿಲಕ. ಕಾಲಿಂದ ಒದ್ದೆ. ಕೂಗಿದೆ. ಮತ್ತೆ ಹಾಡು ಹಚ್ಚಿದರು, ಜೋರಾಗಿ, ನನ್ನ ದನಿ ಹೊರಗೆ ಯಾರಿಗೂ ಕೇಳುತ್ತಿಲ್ಲ. ಕಿಟಕಿಯ ಆಚೆಗೇ ಅತ್ತೆ ಅನ್ನುತ್ತಿದ್ದಾಳೆ — ಸಾಕು ಏಳವ್ವಾ ಐಶ್ವರ್ಯಾ, ಜಾರೀತು, ಆ ಪೈಪ್ ಹಿಡಕೊಂಡು