ತಮ್ಮ ಬನ್ನನ್ನು ಕಸದ ಬುಟ್ಟಿಗೆ ಹಾಕಿದ ಮಗಳ ಪರವಾಗಿ

‘ನಿಯಮ ಅಂದರೇನು ಅಂತಲೇ ಗೊತ್ತಿಲ್ಲದ ಮಗು’ ಎಂದಿರೋ, ‘ನಿಯಮದ ಗಂಧವೇ ಇಲ್ಲದ ಮಗು’ ಎಂದಿರೋ, ಈಗ ಸರಿಯಾಗಿ ನೆನಪಿಲ್ಲ, ಮಾನ್ಯರೇ. ಆ ಹೊತ್ತಿನಲ್ಲಿ ನಾನು ತಮ್ಮ ಕಸದ ಬುಟ್ಟಿಯೊಳಗೆ ಕೈಯಿಟ್ಟು ತಮ್ಮ ಬನ್ನನ್ನು ಹುಡುಕುತ್ತಿದ್ದೆ. ಬಗ್ಗಿದವನ ಕಿವಿಗೆ ಮಾತು ಅರ್ಧವೇ ಬೀಳುತ್ತದೆ. ಉಳಿದರ್ಧವನ್ನು ಮನೆಗೆ ಬರುವ ದಾರಿಯುದ್ದಕ್ಕೂ ನಾನೇ ತುಂಬಿಕೊಂಡೆ. ಬಹುಶಃ ತಾವು ಹೇಳಿದ್ದಕ್ಕಿಂತ ಚೆನ್ನಾಗಿಯೇ ತುಂಬಿದ್ದೇನೆ.

ತಾವು ಶಾಲೆಗಳ ಊಟದ ವಿಭಾಗದ ಮೇಲಧಿಕಾರಿಗಳು. ನಾನು ಕನ್ನಡಕದ ಅಂಗಡಿಯವನು. ನನ್ನ ದೂರು ಇಷ್ಟೇ: ಒಂಬತ್ತು ವರ್ಷದ ನನ್ನ ಮಗಳು ಮನೆಯ ಡಬ್ಬಿಯನ್ನು ಶಾಲೆಯ ಊಟದ ಕೋಣೆಗೆ ಒಯ್ಯಲು ತಾವು ಒಪ್ಪಿಗೆ ಕೊಡಲಿಲ್ಲ. ಅಲ್ಲಿ ಬಡಿಸುವುದು ಬ್ರೆಡ್ಡು ಮತ್ತು ಹಾಲು ಹಾಕಿದ ಒಂದು ಬಿಳಿಯ ಸೂಪು. ಎರಡೂ ಅವಳಿಗೆ ಆಗಿಬರುವುದಿಲ್ಲ. ಹಾಗಾಗಿ ಅವಳು ಬರಿಯ ತಟ್ಟೆಯ ಮುಂದೆ ಚಮಚ ಹಿಡಿದು ಕೂತಿದ್ದು, ಗಂಟೆ ಹೊಡೆದಾಗ ಎದ್ದು ತರಗತಿಗೆ ಹೋಗುತ್ತಾಳೆ. ಡಬ್ಬಿ ಗೇಟಿನ ಕಾವಲುಗಾರನ ಮೇಜಿನ ಕೆಳಗೆ ತಣ್ಣಗಾಗುತ್ತಿರುತ್ತದೆ. ಸಂಜೆ ಅದನ್ನು ಅವಳು ನಮ್ಮ ಹೊಸಿಲ ಮೇಲೆ ನಿಂತೇ, ಚೀಲವನ್ನೂ ಇಳಿಸದೆ, ಮುಗಿಸುತ್ತಾಳೆ. ಒಪ್ಪಬೇಕಾದ ಮಾತೆಂದರೆ, ಡಬ್ಬಿಯ ಕಾವಲು ಚೆನ್ನಾಗಿ ನಡೆಯುತ್ತಿದೆ. ಅನ್ನದ ಒಂದಗುಳೂ ಕಳೆದುಹೋಗಿಲ್ಲ.

ಮಗಳಿಗೆ ಆಟಿಸಂ ಇದೆ. ಇದು ದೂರಲ್ಲ, ಪರಿಚಯ. ತಕರಾರು ಇದ್ದದ್ದು ಅವಳ ಹೊಟ್ಟೆಯದು. ಊಟವಾದ ಮೇಲೆ ಮೊಣಕಾಲು ಮಡಚಿಕೊಂಡು ನೆಲದ ಮೇಲೆ ಮಲಗಿಬಿಡುತ್ತಿದ್ದಳು. ವೈದ್ಯೆ ಬಹಳ ದಿನ ಪರೀಕ್ಷೆ ಮಾಡಿ ಹೇಳಿದರು: “ಇದರಿಂದ ಆಟಿಸಂ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಗೋಧಿ, ಹಾಲು ಇವಳ ಹೊಟ್ಟೆಗೆ ಆಗ್ತಿಲ್ಲ ಅನ್ಸುತ್ತೆ. ಸ್ವಲ್ಪ ದಿನ ಬಿಟ್ಟು ನೋಡೋಣ. ತೂಕ ನಾನು ನೋಡ್ಕೋತಾ ಇರ್ತೀನಿ. ಉಪಯೋಗ ಆಗ್ಲಿಲ್ಲಾಂದ್ರೆ ನಿಲ್ಲಿಸಿಬಿಡೋಣ.” ಇಷ್ಟು ಕಡಿಮೆ ಆಸೆ ತೋರಿಸುವವರ ಮೇಲೆ ನನಗೆ ತಾನಾಗಿ ನಂಬಿಕೆ ಬರುತ್ತದೆ.

ಮಗಳಿಗೆ ಮಾತಿಗಿಂತ ಚಿತ್ರ ಬೇಗ ಹತ್ತುತ್ತದೆ. ನನ್ನ ಹೆಂಡತಿ ಒಂದು ಹಾಳೆಯ ಮೇಲೆ ಬ್ರೆಡ್ಡು, ಬಿಸ್ಕತ್ತು, ಬನ್ನು, ಹಾಲಿನ ಲೋಟ ಎಲ್ಲ ಬರೆದು, ಒಂದೊಂದಕ್ಕೂ ಕೆಂಪು ಗೀಟು ಹೊಡೆದಳು. ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ಅಳುತ್ತಿರುವ ಒಂದು ದುಂಡು ಮುಖ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಯಾರ ಹೊಟ್ಟೆ ಎಂಬುದನ್ನು ಮಾತ್ರ ಕಾಣಿಸಲಿಲ್ಲ. ಆ ಮುಖಕ್ಕೆ ಮಗಳ ಹಾಗೆ ಎರಡು ಜಡೆ ಹಾಕಿದ್ದರೆ ಈ ಪತ್ರದ ಪ್ರಮೇಯವೇ ಬರುತ್ತಿರಲಿಲ್ಲ. ಮಗಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಬಿಸ್ಕತ್ತನ್ನು ನೋಡಿದಳು. ಆ ಕ್ಷಣದಿಂದ ಕಾಯಿದೆ ಸಕಲ ಮನುಕುಲಕ್ಕೂ ಜಾರಿಯಾಯಿತು.

ನನ್ನ ತಾಯಿ ಬಿಸ್ಕತ್ತು ಅದ್ದದೆ ಚಹಾ ಕುಡಿದವರಲ್ಲ. ಅವರು ಚಹಾದ ಲೋಟವನ್ನು ಬಚ್ಚಲುಮನೆಗೆ ಒಯ್ಯತೊಡಗಿದರು. ಆದರೆ ಪೊಟ್ಟಣದ ಪರಪರ ಸದ್ದು ಮೊಮ್ಮಗಳಿಗೆ ಮಹಡಿಯ ಮೇಲಿದ್ದರೂ ಕೇಳುತ್ತದೆ. ಅವಳು ಬಾಗಿಲ ಹೊರಗೆ ಬಂದು ಕೂತಳು.

“ಅಜ್ಜಿ, ಬಿಸ್ಕತ್ತು.”

“ಇಲ್ಲ ಕಣೇ, ಹಲ್ಲು ಉಜ್ತಿದೀನಿ.”

“ಅಜ್ಜಿ ಹಲ್ಲು ಮೇಜಿನ ಮೇಲಿದೆ.”

ಒಳಗೆ ಪೊಟ್ಟಣ ಮಡಚುವ ಸದ್ದು. ನಂತರ ಬಾಗಿಲು ತೆರೆಯಿತು. “ತಗೋ ತಾಯಿ, ಜೈಲರಮ್ಮ” ಎಂದು ಅಮ್ಮ ಪೊಟ್ಟಣ ಒಪ್ಪಿಸಿ ಶರಣಾದರು. “ನಮ್ಮತ್ತೆ ಕಾಲದಲ್ಲೂ ಇಂಥ ದರ್ಬಾರು ಕಂಡಿರ್ಲಿಲ್ಲ.”

ಹೆಂಡತಿಯ ತಮ್ಮ ಒಂದು ಭಾನುವಾರ ಕೇಕು ತಂದ. ಅದು ನೇರವಾಗಿ ಹೊರಗೆ, ಅವನ ಚಪ್ಪಲಿಯ ಪಕ್ಕಕ್ಕೆ ಹೋಯಿತು. “ಅಕ್ಕಾ, ನಾನಾದ್ರೂ ಒಳಗಿರಬಹುದಾ? ಇಲ್ಲ, ನನ್ನಲ್ಲೂ ಗೋಧಿ ಇದೆಯಾ?” ಎಂದು ಕೇಳಿದ. ಮಗಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಒಳಗೆ ಬಿಟ್ಟಳು. ನಾನು ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತು ನೋಡಿ ಬನ್ನು ತಿನ್ನುತ್ತಿದ್ದೆ. ಕನ್ನಡಿಗಳ ನಡುವೆ ಕದ್ದು ತಿನ್ನುವವನ ಪಾಡು ಬೇಡ. ಯಾವ ಕಡೆ ತಿರುಗಿದರೂ ಒಬ್ಬ ನಡುವಯಸ್ಸಿನ ಕಳ್ಳ ಬಾಯಾಡಿಸುತ್ತಿರುತ್ತಾನೆ. ಸಂಜೆ ಬಾಗಿಲಲ್ಲೇ ತಪಾಸಣೆ. “ಅಪ್ಪ, ಮೀಸೆ.” ನಾನು ಬಗ್ಗಿ ಮೀಸೆ ಒಪ್ಪಿಸುತ್ತಿದ್ದೆ.

ಆದರೆ ಅವಳು ಈಗ ನೆಲದ ಮೇಲೆ ಮಡಚಿಕೊಂಡು ಮಲಗುವುದಿಲ್ಲ. ಅದು ಪಥ್ಯದಿಂದ ಆದದ್ದೋ ಅಧಿಕಾರದಿಂದ ಆದದ್ದೋ, ನಾನು ಹೇಳಲಾರೆ. ಅಧಿಕಾರ ಹೊಟ್ಟೆಗೆ ಒಳ್ಳೆಯದೇ ಎಂಬುದನ್ನು ತಾವೇ ತಿಳಿಸಬೇಕು.

ಇನ್ನು ತಮ್ಮ ಕೋಣೆಯಲ್ಲಿ ನಡೆದದ್ದು. ವೈದ್ಯೆಯ ಚೀಟಿಯನ್ನು ತಮ್ಮ ಮುಂದಿಟ್ಟೆ. ತಾವು ಅದನ್ನು ಓದದೆ, ಅದರ ಮೇಲೆ ಚಹಾದ ತಟ್ಟೆ ಇಟ್ಟಿರಿ. “ಚೀಟಿ ಯಾರು ಬೇಕಾದ್ರೂ ತರ್ತಾರೆ ರೀ. ಇವಳೊಬ್ಬಳಿಗೆ ಬಿಟ್ರೆ ನಾಳೆ ಎಲ್ರೂ ಡಬ್ಬಿ ತರ್ತಾರೆ. ಎಲ್ಲರಿಗೂ ಒಂದೇ ನಿಯಮ” ಎಂದಿರಿ. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಮಗಳು ಮೊದಲ ಸಲ ತಲೆಯೆತ್ತಿ ತಮ್ಮನ್ನು ಮೆಚ್ಚುಗೆಯಿಂದ ನೋಡಿದ್ದು ಆಗ. ತಾವು ಗಮನಿಸಲಿಲ್ಲ. ಆ ಹೊತ್ತಿಗೆ ತಾವು ಹೊಟ್ಟೆ ಹಿಡಿದುಕೊಂಡಿದ್ದಿರಿ. “ಅಯ್ಯಪ್ಪಾ, ಈ ಹೊಟ್ಟೆ ಉರಿ! ಬೆಳಿಗ್ಗೆಯಿಂದ ಜೀವ ತಿಂತಿದೆ” ಎಂದು ಒಂದು ಮುಚ್ಚಳ ಗುಲಾಬಿ ಔಷಧ ಕುಡಿದಿರಿ, ಮತ್ತು ಮುಖ ಕಿವುಚಿಕೊಂಡೇ ಬನ್ನಿಗೆ ಕೈಹಾಕಿದಿರಿ.

ಮಾನ್ಯರೇ, ತಮ್ಮ ಮುಖ ದುಂಡಗಿದೆ. ಜಡೆಯೂ ಇಲ್ಲ. ನಮ್ಮ ಫ್ರಿಜ್ಜಿನ ಬಾಗಿಲ ಮೇಲಿನ ಚಿತ್ರವೇ ತಮ್ಮ ಕುರ್ಚಿಯಲ್ಲಿ ಕೂತಂತಿತ್ತು. ಮಗಳು ತಮ್ಮ ಕೈಯಿಂದ ಬನ್ನು ತೆಗೆದುಕೊಂಡಳು, ಮೂಲೆಗೆ ನಡೆದು ಬುಟ್ಟಿಗೆ ಹಾಕಿದಳು, ಕೈಯನ್ನು ನನ್ನ ಅಂಗಿಗೆ ಒರೆಸಿ ಮತ್ತೆ ಕುರ್ಚಿಯಲ್ಲಿ ಕೂತಳು. “ಏನ್ರೀ ಇದು? ತೆಗೀರಿ ಅದನ್ನ!” ಎಂದು ತಾವು ಎದ್ದು ನಿಂತಿರಿ. ನಾನು ಬಗ್ಗಿದೆ. ಮೇಲೆ, ನನ್ನ ಬೆನ್ನಿನ ಆಚೆ, ಆ ನಿಯಮದ ಮಾತು ಹುಟ್ಟಿತು. ಅದರ ಹಿಂದೆಯೇ “ಅನುಮತಿ ಇಲ್ಲ” ಎಂಬುದು. ಅದನ್ನು ಮಾತ್ರ ಪೂರ್ತಿ ಕೇಳಿಸಿಕೊಂಡೆ.

ಈಗ ನನ್ನದೊಂದಿಷ್ಟು ವಾದ. ಹೊರಗಿನ ತಿಂಡಿ ತರಬಾರದೆಂಬ ವಿಭಾಗದ ಮೇಜಿನ ಮೇಲೆ ಆ ಬನ್ನು ಎಲ್ಲಿಂದ ಬಂತು? ಮಕ್ಕಳ ಊಟದ ಕೋಣೆಯದಂತೂ ಅಲ್ಲ. ನಾನು ಕೈಯಾರೆ ಎತ್ತಿದ್ದರಿಂದ ಬಲ್ಲೆ, ಅದರಲ್ಲಿ ಒಣದ್ರಾಕ್ಷಿ ಇತ್ತು. ಎಲ್ಲರಿಗೂ ಒಂದೇ ಎನ್ನುವ ತಮ್ಮ ನಿಯಮದೊಳಗೆ ತಾವಿಲ್ಲ. ನನ್ನ ಮಗಳ ನಿಯಮದೊಳಗೆ ಅವಳಿದ್ದಾಳೆ, ಅವಳ ಅಜ್ಜಿ, ಸೋದರಮಾವ, ನನ್ನ ಮೀಸೆ, ಕೊನೆಗೆ ತಾವೂ ಇದ್ದೀರಿ. ತರಗತಿಯಲ್ಲಿ ಹಸಿದು ಕೂತರೂ ಅವಳು ಆ ಬ್ರೆಡ್ಡು ಮುಟ್ಟುವುದಿಲ್ಲ. ತಾವೂ ನಾನೂ ಹೊಟ್ಟೆ ತುಂಬಿದ್ದಾಗಲೂ ಬನ್ನು ಬಿಟ್ಟವರಲ್ಲ. ಹೇಳಿ, ನಿಯಮದ ಗಂಧ ಯಾರಿಗಿಲ್ಲ? ನಾಳೆ ಎಲ್ಲರೂ ಡಬ್ಬಿ ತಂದರೆ ಆಗುವ ಅನಾಹುತವಾದರೂ ಏನು? ಮಕ್ಕಳು ಊಟ ಮಾಡುತ್ತಾರೆ. ಊಟದ ವಿಭಾಗ ಇದನ್ನು ತಡೆದುಕೊಳ್ಳಲಾರದೆ?

ನನ್ನ ಬೇಡಿಕೆ ದೊಡ್ಡದಲ್ಲ. ಡಬ್ಬಿ ಕಾವಲುಗಾರನ ಮೇಜಿನ ಕೆಳಗಿನಿಂದ ಎದ್ದು ಅವಳ ತಟ್ಟೆಯ ಪಕ್ಕಕ್ಕೆ ಬರಲಿ. ಇಪ್ಪತ್ತು ಹೆಜ್ಜೆಯ ಪ್ರಯಾಣ. ತಮ್ಮ ಒಂದು ಸಾಲು ಸಾಕು. ನನ್ನ ಬೆನ್ನ ಮೇಲೆ ಬಿದ್ದ ಮಾತನ್ನು ಹಿಂತೆಗೆದುಕೊಳ್ಳುವುದು ತಮ್ಮ ಇಷ್ಟ. ಬನ್ನಿನ ವಿಷಯದಲ್ಲಿ ನಾನು ಕ್ಷಮೆ ಕೇಳುತ್ತೇನೆ. ಅವಳು ಕೇಳುವುದಿಲ್ಲ.

ಇನ್ನೊಂದು ವಿಷಯ. ಮಗಳು ಮನೆಯ ಹೊರಗಿನವರ ಬಗ್ಗೆ ವಿಚಾರಿಸಿದ್ದು ನನಗೆ ನೆನಪಿಲ್ಲ. ಆ ದಿನ ಮನೆಗೆ ಬಂದವಳೇ ಫ್ರಿಜ್ಜಿನ ಮುಂದೆ ನಿಂತು, ಆ ದುಂಡು ಮುಖದ ಮೇಲೆ ಬೆರಳಿಟ್ಟು, ಒಂದು ಪ್ರಶ್ನೆ ಕೇಳಿದಳು. ಅಂದಿನಿಂದ ಬೆಳಿಗ್ಗೆಯೆದ್ದು ಅದನ್ನೇ ಕೇಳುತ್ತಾಳೆ. ಉತ್ತರ ಇರುವುದು ತಮ್ಮಲ್ಲಿ. ಪತ್ರದ ಕೆಳಗೆ, ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ.

ಇಂತಿ,
ಜೈಲರಮ್ಮನ ತಂದೆ,
ಸನ್ನಡತೆಯ ಮೇಲೆ ಸದ್ಯಕ್ಕೆ ಹೊರಗಿರುವವನು

“ಬನ್ ಮಾಮ, ಹೊಟ್ಟೆ ನೋವು ಹೋಯ್ತಾ?”