ತಿರುವಿನ ಗುಡುಗುಡು

೧೭ ಅಕ್ಟೋಬರ್ ೧೯೫೬, ಬುಧವಾರ

ಇವತ್ತೂ ಟ್ಯಾಕ್ಸಿ ತಿರುಗಿಸಿದಾಗಲೆಲ್ಲ ಹಿಂದುಗಡೆ ಗುಡುಗುಡು ಸಪ್ಪಳ. ಆಕ್ಸಲ್ ಬಿಚ್ಚಬೇಕು, ಒಂದು ವಾರ ಗಾಡಿ ನಿಲ್ಲಿಸು ಎಂದ ಗ್ಯಾರೇಜಿನ ಮಿಸ್ತ್ರಿ. ವಾರ ನಿಂತರೆ ಮನೆಯವರು ಏನು ತಿನ್ನಬೇಕು? ಸಂಜೆ ಹೊಸ ಸೊಸೆ ನೀಲವ್ವನನ್ನು ದಾದರ್ ಮಾರ್ಕೆಟ್ಟಿನಿಂದ ಕರೆತರುವಾಗಲೂ ಅದೇ ಸಪ್ಪಳ.

"ಮಾವಾರ, ಡಿಕ್ಕಿಯೊಳಗ ಟೆಂಗಿನಕಾಯಿ ಉರುಳಾಕತ್ತೈತಿ ನೋಡ್ರಿ."

"ಬಾಯಿ ಮುಚ್ಚು! ಮೊನ್ನೆ ಊರಿಂದ ಮುಂಬಯಿಗೆ ಬಂದಾಕಿ, ಗಾಡಿ ಸಪ್ಪಳ ನಿನಗೇನು ಗೊತ್ತು?"

"ಗಾಡೀದು ಗೊತ್ತಿಲ್ರಿ. ಕಾಯೀದು ಗೊತ್ತೈತಿ."

ಸಿಟ್ಟಿನಿಂದಲೇ ಇಳಿದು ಡಿಕ್ಕಿ ತೆಗೆದೆ. ದಸರೆಯ ಖಂಡೇಪೂಜೆಗೆ ನಾನೇ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಕಾಯಿ, ಗಂಟು ಬಿಚ್ಚಿಕೊಂಡು ಸ್ಟೆಪ್ನಿ ಗಾಲಿಯ ಹಿಂದೆ ಬಿದ್ದಿತ್ತು! ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮನೆಗೆ ಹೋಗದೆ ಗಾಡಿಯನ್ನು ನೆಟ್ಟಗೆ ಪರೇಲಿನ ಗ್ಯಾರೇಜಿಗೆ ಹೊಡೆದೆ. "ನೋಡು, ಇಕಿ ನನ್ನ ಸೊಸೆ" ಎಂದು ಮಿಸ್ತ್ರಿಗೆ ತೋರಿಸಿದೆ. ಅವಳಿಗೆ ಮಾತ್ರ ಇನ್ನೂ ಭೇಷ್ ಎಂದಿಲ್ಲ. ಬೆಳಿಗ್ಗೆ ಚಹಾ ತಂದಾಗ ಹೇಳಬೇಕು, ಹೇಗೆ ಹೇಳುವುದೋ...